ಐದು ವರ್ಷದ ನಂತರದ ಮಾತು ಬಿಡಿ, ಈಗ ನಾನು ಯಾರು ಅಂತಲೇ ಗೊತ್ತಿಲ್ಲ

ಪ್ರಶ್ನೆ: ನನಗೆ 20 ವರ್ಷ. ಊರು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ. ಅಪ್ಪಾಜಿ ಹಿಟ್ಟಿನ ಗಿರಣಿ ನಡೆಸುತ್ತಾರೆ, ಸ್ವಲ್ಪ ತೆಂಗು ಇದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 604 ಬಂತು. ನನಗೆ ಆರ್ಟ್ಸ್ ಓದುವ ಆಸೆ ಇತ್ತು. ‘ಇಷ್ಟು ಮಾರ್ಕ್ಸ್ ತಗೊಂಡು ಆರ್ಟ್ಸಾ?’ ಅಂತ ಎಲ್ಲರೂ ಸೇರಿ ಸೈನ್ಸ್ ಕೊಡಿಸಿದರು. 2023ರಲ್ಲಿ ಸಿಇಟಿ ಬರೆದು ಸೀಟಿಗೆ ಕಾಯುತ್ತಾ ಮನೆಯಲ್ಲಿದ್ದಾಗ ಊರಿನ ಹೆಂಗಸರಿಗೆ ಗೃಹಲಕ್ಷ್ಮಿ ಅರ್ಜಿ ಹಾಕಲು ಸಹಾಯ ಮಾಡಿದ್ದೆ, ಆ ದಿನಗಳು ಹೇಗೆ ಕಳೆದವೋ ಗೊತ್ತಾಗಲಿಲ್ಲ. ಆಮೇಲೆ ಬೆಂಗಳೂರಿನಲ್ಲಿ ಇನ್ಫರ್ಮೇಶನ್ ಸೈನ್ಸ್ ಸೀಟು ಸಿಕ್ಕಿತು. ಬ್ಯಾಂಕಿನಲ್ಲಿ 4 ಲಕ್ಷ ಸಾಲ ಮಾಡಿದ್ದೇವೆ. ಈಗ ಐದನೇ ಸೆಮಿಸ್ಟರ್. ಹೋದ ತಿಂಗಳು ಕಾಲೇಜಿನಲ್ಲಿ ಅಭ್ಯಾಸಕ್ಕೆಂದು ಇಂಟರ್‌ವ್ಯೂ ಇಟ್ಟಿದ್ದರು. ‘ಐದು ವರ್ಷದ ನಂತರ ಎಲ್ಲಿರುತ್ತೀರಿ?’ ಎಂದು ಕೇಳಿದರು. ಬಾಯಿಪಾಠ ಮಾಡಿದ್ದ ಉತ್ತರ ಒಪ್ಪಿಸಿದೆ. ಹಾಸ್ಟೆಲ್‌ಗೆ ಬಂದು ತುಂಬಾ ಅತ್ತೆ. ಬಸ್ಸು ತುಮಕೂರು ದಾಟಿದರೆ ನನ್ನ ಕನ್ನಡವೇ ಬದಲಾಗುತ್ತೆ. ಊರಲ್ಲಿ ಒಬ್ಬಳು, ಹಾಸ್ಟೆಲ್‌ನಲ್ಲಿ ಇನ್ನೊಬ್ಬಳು, ಇನ್‌ಸ್ಟಾಗ್ರಾಂನಲ್ಲಿ ಮತ್ತೊಬ್ಬಳು. ನಾನು ನಾಟಕ ಮಾಡ್ತಿದ್ದೀನಾ? ರೂಮಿನ ಗೆಳತಿಯರಿಗೆ ಗುರಿ ಇದೆ, ಒಬ್ಬಳು ಜರ್ಮನಿ ಅಂತಾಳೆ, ಇನ್ನೊಬ್ಬಳು ಕೆಎಎಸ್ ಅಂತಾಳೆ. ಮನೆಯಲ್ಲಿ ‘ಕೋರ್ಸ್ ಮುಗೀಲಿ, ಗಂಡು ನೋಡೋಣ’ ಅಂತಾರೆ. ಓದು ಬಿಟ್ಟುಬಿಡಲಾ? ಬೆರಳಚ್ಚು ನೋಡಿ ಯಾವ ಕೆಲಸ ಹೊಂದುತ್ತೆ ಅಂತ ಹೇಳ್ತಾರಂತೆ, ಮಾಡಿಸಲಾ? ಇದು ಖಿನ್ನತೆನಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆಗಳು ನಾಲ್ಕೈದಿವೆ. ಆದರೆ ಎಲ್ಲದರ ಕೆಳಗೆ ಕೂತಿರುವ ಭಯ ಒಂದೇ. ಉಳಿದವರಿಗೆಲ್ಲ ತಾವು ಯಾರು, ಎಲ್ಲಿಗೆ ಹೊರಟಿದ್ದೇವೆ ಅಂತ ಗೊತ್ತಿದೆ, ನನಗೊಬ್ಬಳಿಗೆ ಗೊತ್ತಿಲ್ಲ, ಅಂದರೆ ನನ್ನಲ್ಲೇ ಏನೋ ಕೊರತೆ ಇದೆ. ಇದೇ ಅಲ್ವಾ?

ನಾನು ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತಾ 22 ವರ್ಷ ಆಯಿತು. ನನ್ನ ಮುಂದೆ ಕೂರುವವರಲ್ಲಿ ಜಾಸ್ತಿ ಜನ 18ರಿಂದ 25ರೊಳಗಿನವರು. ‘ನನಗೊಬ್ಬಳಿಗೇ’ ಎನ್ನುವ ಮಾತನ್ನು ಅವರಲ್ಲಿ ಬಹುತೇಕ ಎಲ್ಲರೂ ಹೇಳುತ್ತಾರೆ. ಹೊರಗೆ ಬೆಂಚಿನ ಮೇಲೆ ಅಕ್ಕಪಕ್ಕ ಕೂತು ಕಾಯುತ್ತಿದ್ದ ಇಬ್ಬರು, ಒಳಗೆ ಬಂದು ಒಂದೇ ಮಾತನ್ನು ಹೇಳಿ ಹೋದ ದಿನಗಳಿವೆ.

ಮೊದಲು ಖಿನ್ನತೆಯ ವಿಚಾರ ಮುಗಿಸೋಣ, ಅದು ಕಾಯಿಸುವಂಥದ್ದಲ್ಲ. ದಾರಿ ಕಾಣದೆ ಅಳು ಬರುವುದು ಕಾಯಿಲೆ ಅಲ್ಲ. ಆದರೆ ಎರಡು ವಾರ ಹೆಚ್ಚುಕಮ್ಮಿ ದಿನವಿಡೀ ಮನಸ್ಸು ಕುಸಿದೇ ಇದ್ದರೆ, ಮುಂಚೆ ಖುಷಿ ಕೊಡುತ್ತಿದ್ದ ಯಾವುದೂ ಈಗ ಬೇಡ ಅನ್ನಿಸಿದರೆ, ನಿದ್ದೆ ಅಥವಾ ಊಟದಲ್ಲಿ ದೊಡ್ಡ ಏರುಪೇರು ಆದರೆ, ‘ನಾನು ಇಲ್ಲದಿದ್ದರೇ ಒಳ್ಳೆಯದು’ ಎಂಬ ಯೋಚನೆ ಒಂದು ಸಲ ಬಂದರೂ, ನನ್ನ ಉತ್ತರ ಓದುತ್ತಾ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸೇವೆ. ಹಗಲೂ ರಾತ್ರಿಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹಾಗೇ ಒಮ್ಮೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿ. ಹಾಸ್ಟೆಲ್ ಊಟದ ಮೇಲೆ ಬದುಕುವ ಹೆಣ್ಣುಮಕ್ಕಳಲ್ಲಿ ‘ಯಾವುದರಲ್ಲೂ ಆಸಕ್ತಿ ಇಲ್ಲ, ಸದಾ ಸುಸ್ತು’ ಎನ್ನುವುದರ ಹಿಂದೆ ರಕ್ತಹೀನತೆ ಇದ್ದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಜೀವನದ ಗುರಿ ಕಳೆದುಹೋಗಿದೆ ಅಂದುಕೊಂಡಿದ್ದವರು ಕಬ್ಬಿಣದ ಮಾತ್ರೆ ತಗೊಂಡು ಎರಡು ತಿಂಗಳಿಗೆ ಚುರುಕಾಗಿದ್ದಾರೆ. ನಿಮ್ಮದೂ ಅದೇ ಅಂತ ಹೇಳುತ್ತಿಲ್ಲ. ಪರೀಕ್ಷೆಗೆ ಒಂದು ಬೆಳಗ್ಗೆ ಸಾಕು, ಮಾಡಿಸಿ.

ಈಗ ನಾಟಕದ ಮಾತು. ಬಸ್ಸು ತುಮಕೂರು ದಾಟಿದರೆ ಕನ್ನಡ ಬದಲಾಗುತ್ತೆ ಅಂತ ಬರೆದಿದ್ದೀರಿ. ನಿಮ್ಮ ಅಮ್ಮನನ್ನು ಸ್ವಲ್ಪ ಗಮನಿಸಿ. ಅವರು ತವರಿನಲ್ಲಿ ಮಾತಾಡುವ ರೀತಿ ಬೇರೆ, ಅತ್ತೆ ಮನೆಯವರ ಎದುರು ಬೇರೆ, ಗಿರಣಿಗೆ ಬಂದವರ ಜೊತೆ ಬೇರೆ. ಅವರು ಯಾವತ್ತಾದರೂ ‘ಇದರಲ್ಲಿ ಯಾವುದು ನಾನು’ ಅಂತ ಅತ್ತಿದ್ದಾರಾ? ಜಾಗಕ್ಕೆ ತಕ್ಕಂತೆ ಮಾತು ಹೊರಳುವುದು ಮನುಷ್ಯರು ಒಟ್ಟಿಗೆ ಬದುಕುವ ರೀತಿ. ಅದರಲ್ಲಿ ಸುಳ್ಳೇನೂ ಇಲ್ಲ. ನಿಮಗೆ ನೋವಾಗುತ್ತಿರುವುದು ಮಾತು ಬದಲಾಗಿದ್ದಕ್ಕಲ್ಲ ಅಂತ ನನ್ನ ಅಂದಾಜು. ಒಂದು ಜಾಗದಲ್ಲಿ ಇನ್ನೊಂದು ಜಾಗವನ್ನು ಮುಚ್ಚಿಡಬೇಕಾಗಿ ಬಂದಿದೆ, ಅದಕ್ಕೆ. ಹಾಸ್ಟೆಲ್‌ನಲ್ಲಿ ಗಿರಣಿಯ ವಿಷಯ ಹೇಳಿದ್ದೀರಾ? ಮನೆಯಲ್ಲಿ ಇಂಟರ್‌ವ್ಯೂ ದಿನ ಅತ್ತಿದ್ದನ್ನು ಹೇಳಿದ್ದೀರಾ? ಎರಡೂ ಇಲ್ಲ ಅಂದರೆ ನೀವು ಯಾರ ಎದುರೂ ಪೂರ್ತಿಯಾಗಿ ಕೂತಿಲ್ಲ ಅಂತಾಯಿತು. ನಾಟಕ ಅನ್ನಿಸುವುದು ಅಲ್ಲಿಂದ. ಇದಕ್ಕೆ ಮದ್ದು ಸಣ್ಣದು. ಗೆಳತಿಯರಲ್ಲಿ ಒಬ್ಬಳನ್ನು ಮುಂದಿನ ಹಬ್ಬಕ್ಕೆ ಊರಿಗೆ ಕರೆದುಕೊಂಡು ಹೋಗಿ. ಗಿರಣಿಯೊಳಗೆ ನಿಲ್ಲಿಸಿ, ಅಪ್ಪಾಜಿಗೆ ಪರಿಚಯ ಮಾಡಿಸಿ. ಇದನ್ನು ಮಾಡಿಬಂದ ಹುಡುಗ ಹುಡುಗಿಯರ ಮುಖ ಹಗುರ ಆದದ್ದನ್ನು ನಾನು ನೋಡಿದ್ದೇನೆ.

‘ಐಡೆಂಟಿಟಿ ಕ್ರೈಸಿಸ್’ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದನ್ನು ಬಳಕೆಗೆ ತಂದವರು ಎರಿಕ್ ಎರಿಕ್ಸನ್ ಎಂಬ ಮನೋವಿಶ್ಲೇಷಕ. 1902ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದರು. ತಾಯಿ ಡೆನ್ಮಾರ್ಕಿನ ಯಹೂದಿ. ಹೆತ್ತ ತಂದೆ ಯಾರು ಅಂತ ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಎತ್ತರದ ಮೈಕಟ್ಟು, ಹೊಂಬಣ್ಣದ ಕೂದಲು. ಯಹೂದಿ ಮಕ್ಕಳು ‘ನೀನು ನಮ್ಮವನಲ್ಲ’ ಎಂದು ಆಡಿಕೊಂಡರು. ಜರ್ಮನ್ ಶಾಲೆಯಲ್ಲಿ ‘ನೀನು ಯಹೂದಿ’ ಎಂದು ಆಡಿಕೊಂಡರು. ಕಾಲೇಜು ಡಿಗ್ರಿ ಮಾಡಲಿಲ್ಲ. ಚಿತ್ರ ಬರೆಯುತ್ತಾ ಯುರೋಪಿನಲ್ಲಿ ವರ್ಷಗಟ್ಟಲೆ ಅಲೆದರು. 1927ರಲ್ಲಿ, 25ನೇ ವಯಸ್ಸಿನಲ್ಲಿ, ವಿಯೆನ್ನಾದ ಒಂದು ಪುಟ್ಟ ಶಾಲೆಯಲ್ಲಿ ಮೇಷ್ಟ್ರ ಕೆಲಸಕ್ಕೆ ಗೆಳೆಯನೊಬ್ಬ ಕರೆದ. ಮಕ್ಕಳಿಗೆ ಪಾಠ ಹೇಳುತ್ತಾ ಅವರಿಗೆ ತಮ್ಮ ದಾರಿ ಸಿಕ್ಕಿತು. ಅಮೆರಿಕಕ್ಕೆ ಹೋಗಿ 1939ರಲ್ಲಿ ಅಲ್ಲಿನ ಪ್ರಜೆಯಾದಾಗ ಎರಿಕ್ಸನ್ ಎಂಬ ಹೆಸರನ್ನು ತಾವೇ ಆರಿಸಿಕೊಂಡರು. ಹದಿಹರೆಯದ ದೊಡ್ಡ ಕೆಲಸ ಅಂದರೆ ತಾನು ಯಾರು ಅಂತ ಕಟ್ಟಿಕೊಳ್ಳುವುದು, ಅದಕ್ಕೆ ಗೊಂದಲದ ಒಂದು ಕಾಲ ಬೇಕೇ ಬೇಕು ಅಂತ ಬರೆದವರು ಇವರು. ಅಲೆದು ನೋಡಿಯೇ ಬರೆದರು.

ಅವರ ಕತೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಆ ಶಾಲೆ. ಕೋಣೆಯಲ್ಲಿ ಕೂತು ‘ನಾನು ಯಾರು’ ಅಂತ ಯೋಚಿಸಿದಾಗ ಅವರಿಗೆ ಉತ್ತರ ಹೊಳೆಯಲಿಲ್ಲ. ಒಂದು ಕೆಲಸ ಕೈಗೆ ಬಂತು, ಮಾಡುತ್ತಾ ಮಾಡುತ್ತಾ ಗೊತ್ತಾಯಿತು. ತನ್ನತನ ಎನ್ನುವುದು ನಮ್ಮೊಳಗೆ ಎಲ್ಲೋ ನಿಧಿಯ ಹಾಗೆ ಹೂತಿದೆ, ಸರಿಯಾಗಿ ಅಗೆದರೆ ಸಿಗುತ್ತದೆ ಎಂಬ ನಂಬಿಕೆ ಈಗ ಬಹಳ ಜೋರಾಗಿದೆ. ಈ ಒಂದು ನಂಬಿಕೆಯಿಂದ ಮಕ್ಕಳು ಪಡುವ ಕಷ್ಟ ನೋಡಿದರೆ ನನಗೆ ಸಂಕಟವಾಗುತ್ತದೆ. ಅಗೆಯುತ್ತಾರೆ, ಏನೂ ಸಿಗುವುದಿಲ್ಲ, ‘ನನ್ನೊಳಗೆ ಏನೂ ಇಲ್ಲ’ ಎಂಬ ತೀರ್ಮಾನಕ್ಕೆ ಬರುತ್ತಾರೆ.

ಬೆರಳಚ್ಚಿನ ಟೆಸ್ಟ್ ಮಾರಾಟವಾಗುವುದು ಇದೇ ನಂಬಿಕೆಯ ಮೇಲೆ. ಮಾಡಿಸಬೇಡಿ. ಬೆರಳ ಗೆರೆಗಳು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮೂಡುತ್ತವೆ. ಅದಕ್ಕೂ ನೀವು ಮುಂದೆ ಯಾವ ಕೆಲಸಕ್ಕೆ ಹೊಂದುತ್ತೀರಿ ಎಂಬುದಕ್ಕೂ ಸಂಬಂಧ ಇದೆ ಅನ್ನಲು ಪುರಾವೆ ಇಲ್ಲ. ಈ ಪರೀಕ್ಷೆಗೆ ವೈಜ್ಞಾನಿಕ ಆಧಾರ ಇಲ್ಲ ಎಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ. ಇಂಟರ್‌ನೆಟ್ಟಿನಲ್ಲಿ ಸಿಗುವ 16 ಬಗೆಯ ವ್ಯಕ್ತಿತ್ವದ ಟೆಸ್ಟ್ ಅಷ್ಟು ಅಪಾಯಕಾರಿ ಅಲ್ಲ. ಆದರೆ ಎರಡು ತಿಂಗಳು ಬಿಟ್ಟು ಮತ್ತೆ ಮಾಡಿದರೆ ಬೇರೆ ಬಗೆ ಬರುವುದು ಸಾಮಾನ್ಯ. ತರಬೇತಿ ಪಡೆದವರು ಮಾಡುವ ಅಭಿರುಚಿ, ಸಾಮರ್ಥ್ಯದ ಪರೀಕ್ಷೆಗಳಿವೆ, ನಾನೂ ಮಾಡಿಸುತ್ತೇನೆ. ಅವು ‘ಈ ನಾಲ್ಕು ಕಡೆ ನೋಡಿ’ ಅಂತ ಹೇಳಬಲ್ಲವು. ‘ನೀನು ಇಂಥವಳು’ ಅಂತ ಹೇಳಲಾರವು.

ಗೋಡೆಗೆ ಕನಸಿನ ಚಿತ್ರ ಅಂಟಿಸುವ ವಿಷನ್ ಬೋರ್ಡ್ ಬಗ್ಗೆಯೂ ಒಂದು ಮಾತು, ನಿಮ್ಮ ಹಾಸ್ಟೆಲ್‌ನಲ್ಲೂ ಇರುತ್ತವೆ. ಗೇಬ್ರಿಯಲ್ ಓಟಿಂಗೆನ್ ಎಂಬ ಮನಶ್ಶಾಸ್ತ್ರಜ್ಞೆ ಜರ್ಮನಿಯ ಪದವೀಧರರನ್ನು ಎರಡು ವರ್ಷ ಗಮನಿಸಿ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಳ್ಳೆಯ ಕೆಲಸ ಸಿಕ್ಕಿದ ಹಾಗೆ ಸಿಹಿ ಕನಸು ಹೆಚ್ಚು ಕಂಡವರು ಕಡಿಮೆ ಅರ್ಜಿ ಹಾಕಿದ್ದರು, ಅವರಿಗೆ ಸಿಕ್ಕ ಕೆಲಸದ ಕರೆಗಳೂ ಕಡಿಮೆ, ಸಂಬಳವೂ ಕಡಿಮೆ. ಕನಸು ಕಂಡಾಗಲೇ ಮನಸ್ಸು ಅರ್ಧ ಊಟ ಮಾಡಿದಂತೆ ತೃಪ್ತಿಪಡುತ್ತದೆ. ಕನಸಿನ ಪಕ್ಕದಲ್ಲೇ ‘ನನಗೆ ಅಡ್ಡ ಬರುವುದು ಏನು’ ಅಂತ ಬರೆದುಕೊಂಡವರಿಗೆ ಉಪಯೋಗ ಆಗುತ್ತದೆ. ಗೆಳತಿಯರ ಗುರಿಯ ಬಗ್ಗೆ ನಾನು ಹೆಚ್ಚು ಹೇಳಲಾರೆ. ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ. ಜರ್ಮನಿ ಅನ್ನುವುದು ಒಂದು ದೇಶದ ಹೆಸರು ಮಾತ್ರವಾ, ಅಲ್ಲಿ ಏನು ಓದುವುದು ಅಂತಲೂ ಅವರಿಗೆ ಗೊತ್ತಿದೆಯಾ ಅಂತ ಪ್ರೀತಿಯಿಂದ ಕೇಳಿ ನೋಡಿ. ಅವರಿಗೂ ನಿಮ್ಮ ಹಾಗೇ ರಾತ್ರಿ ನಿದ್ದೆ ಬರದೇ ಇರಬಹುದು.

ಹಾಗಾದರೆ ಈ ಗೊಂದಲ ಯಾಕೆ, ಅದೂ ಈಗಲೇ ಯಾಕೆ? ನಿಮ್ಮ ವಿಷಯದಲ್ಲಿ ಉತ್ತರ ಪತ್ರದಲ್ಲೇ ಇದೆ. ನಮ್ಮಲ್ಲಿ 16 ತುಂಬುವ ಹೊತ್ತಿಗೆ ಪಿಯುಸಿಯಲ್ಲಿ ಸೈನ್ಸಾ, ಕಾಮರ್ಸಾ, ಆರ್ಟ್ಸಾ ಅಂತ ಆರಿಸಬೇಕು. ಆ ಆಯ್ಕೆಯನ್ನು ಮಾಡುವುದು ಮಗು ಅಲ್ಲ, ಅಂಕಪಟ್ಟಿ. 604 ಬಂದ ದಿನವೇ ನಿಮ್ಮ ದಾರಿ ತೀರ್ಮಾನವಾಯಿತು. ಆಮೇಲೆ ಸಿಇಟಿ ರ‍್ಯಾಂಕ್ ಬ್ರಾಂಚನ್ನು ತೀರ್ಮಾನಿಸಿತು. ನೀವು ಎರಡು ಸಲವೂ ಹಟ ಮಾಡಲಿಲ್ಲ, ಜಾಣೆ ಮಕ್ಕಳು ಮಾಡುವುದಿಲ್ಲ. ಜೇಮ್ಸ್ ಮಾರ್ಷಿಯಾ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲಿ ಕಾಲೇಜು ಹುಡುಗರನ್ನು ಮಾತಾಡಿಸಿ ನಾಲ್ಕು ಸ್ಥಿತಿಗಳನ್ನು ಗುರುತಿಸಿದರು. ಕೆಲವರು ಹುಡುಕಿಯೂ ಇಲ್ಲ, ಯಾವುದಕ್ಕೂ ಅಂಟಿಕೊಂಡೂ ಇಲ್ಲ. ಕೆಲವರು ಹುಡುಕದೆ, ದೊಡ್ಡವರು ಹೇಳಿದ್ದಕ್ಕೆ ಹೂಂ ಅಂದು ಗಟ್ಟಿಯಾಗಿ ನಿಂತಿದ್ದಾರೆ. ಕೆಲವರು ಹುಡುಕಾಟದ ನಡುವೆ ಇದ್ದಾರೆ, ಇನ್ನೂ ಯಾವುದನ್ನೂ ಹಿಡಿದಿಲ್ಲ. ಕೆಲವರು ಹುಡುಕಿ ಒಂದನ್ನು ಹಿಡಿದಿದ್ದಾರೆ. ನೀವು ಇಷ್ಟು ದಿನ ಎರಡನೆಯ ಗುಂಪಿನಲ್ಲಿ ಇದ್ದಿರಿ. ಆ ಇಂಟರ್‌ವ್ಯೂ ದಿನ ಮೂರನೆಯದಕ್ಕೆ ಕಾಲಿಟ್ಟಿರಿ. ನೋವು ಬಂದದ್ದು ನಿಜ. ನನ್ನ ಕಣ್ಣಿಗೆ ಅದು ಹಿಂದೆ ಬಿದ್ದ ಹಾಗೆ ಕಾಣುವುದಿಲ್ಲ, ಮುಂದೆ ಬಂದ ಹಾಗೆ ಕಾಣುತ್ತದೆ.

ಇಲ್ಲಿ ಇನ್ನೊಂದು ಮಾತು ಸೇರಿಸಬೇಕು. ಅಪ್ಪ ಅಮ್ಮ ತೋರಿಸಿದ ದಾರಿ ಅಂದ ಮಾತ್ರಕ್ಕೆ ಅದು ನಿಮ್ಮದಲ್ಲ ಅಂತ ತಿಳಿಯಬೇಡಿ. ‘ನಿನ್ನ ಮನಸ್ಸಿನ ಮಾತು ಕೇಳು, ಎಲ್ಲರನ್ನೂ ಎದುರಿಸು’ ಅಂತ ಹೇಳುವ ಭಾಷಣಗಳು ಬೇಕಾದಷ್ಟಿವೆ. ನಮ್ಮಲ್ಲಿ ಒಬ್ಬ ಹುಡುಗಿಯ ತನ್ನತನದೊಳಗೆ ಅಪ್ಪ, ಅಮ್ಮ, ಊರು, ಅಜ್ಜಿ ಎಲ್ಲರೂ ಇದ್ದಾರೆ. ಅವರನ್ನು ತೆಗೆದು ಹಾಕಿ ಉಳಿದದ್ದೇ ನಾನು ಅಂದರೆ ಉಳಿಯುವುದು ತುಂಬಾ ಕಡಿಮೆ. ಅವರು ಕೊಟ್ಟದ್ದನ್ನು ನೀವೇ ಒಮ್ಮೆ ಪ್ರಶ್ನೆ ಮಾಡಿ ನೋಡಿ, ಆಮೇಲೆ ಬೇಕು ಅನ್ನಿಸಿದರೆ ಇಟ್ಟುಕೊಳ್ಳಿ. ಆಗ ಅದು ನಿಮ್ಮದೇ.

ಮಾರ್ಷಿಯಾ ಹೇಳಿದ ಆ ಮೂರನೆಯ ಸ್ಥಿತಿಯ ಹೆಸರು ಕೇಳಿದರೆ ನಿಮ್ಮ ಅಪ್ಪಾಜಿಗೂ ಅರ್ಥವಾಗುತ್ತದೆ. ಅದು ಮೊರಟೋರಿಯಂ. ನಿಮ್ಮ ಶಿಕ್ಷಣ ಸಾಲಕ್ಕೂ ಅದೇ ಇದೆ. ಓದು ಮುಗಿಯುವವರೆಗೆ, ಸಾಮಾನ್ಯವಾಗಿ ಮುಗಿದ ಮೇಲೂ ಒಂದು ವರ್ಷ, ಕಂತು ಕಟ್ಟಬೇಕಿಲ್ಲ. ಎರಿಕ್ಸನ್ ಹೇಳಿದ್ದೂ ಇದನ್ನೇ. ಚಿಕ್ಕವರಿಗೆ ‘ಇನ್ನೂ ತೀರ್ಮಾನ ಬೇಡ, ನೋಡು’ ಅಂತ ಸಮಾಜ ಕೊಡುವ ಅವಧಿ. ಆದರೆ ಬ್ಯಾಂಕಿನ ಅವಧಿಯಲ್ಲಿ ಬಡ್ಡಿ ನಿಲ್ಲುವುದಿಲ್ಲ ಅಲ್ವಾ? ಪೂರ್ತಿ 4 ಲಕ್ಷ ಬಿಡುಗಡೆ ಆಗಿ ಶೇಕಡ 10ರ ಬಡ್ಡಿ ಅಂದುಕೊಂಡರೂ ವರ್ಷಕ್ಕೆ 40 ಸಾವಿರ ಸುಮ್ನೆ ಏರುತ್ತದೆ. ಮನಸ್ಸಿನ ಅವಧಿಯಲ್ಲೂ ಹಾಗೇ. ಏನನ್ನೂ ಮಾಡದೆ ಬರೀ ಯೋಚನೆ ಮಾಡುತ್ತಾ ಕೂತರೆ ಬಡ್ಡಿ ಏರುತ್ತದೆ. ಬೆಲ್ಜಿಯಂನ ಸಂಶೋಧಕರು 2008ರಲ್ಲಿ ಇದನ್ನು ಬೇರ್ಪಡಿಸಿ ತೋರಿಸಿದರು. ಹೊರಗೆ ಹೋಗಿ ಹುಡುಕುವುದು ಒಂದು ಬಗೆ. ತಲೆಯೊಳಗೇ ಅದದನ್ನೇ ಮೆಲುಕು ಹಾಕುವುದು ಇನ್ನೊಂದು ಬಗೆ. ಈ ಎರಡನೆಯದು ಕುಗ್ಗಿದ ಮನಸ್ಸಿನ ಜೊತೆ, ಆತಂಕದ ಜೊತೆ ಸೇರಿಕೊಂಡಿರುತ್ತದೆ. ನೀವು ಹಾಸ್ಟೆಲ್ ಮಂಚದ ಮೇಲೆ ರಾತ್ರಿ ಎರಡು ಗಂಟೆಗೆ ಮಾಡುತ್ತಿರುವುದು ಇದೇ.

ಈಗ ನಿಮ್ಮ ಪತ್ರದ ಒಂದು ಸಾಲಿಗೆ ಬರುತ್ತೇನೆ. ಇಡೀ ಪತ್ರದಲ್ಲಿ ಜೀವ ಇರುವ ಸಾಲು ಅದೊಂದೇ. ಸೀಟಿಗೆ ಕಾಯುತ್ತಾ ಊರಿನ ಹೆಂಗಸರಿಗೆ ಗೃಹಲಕ್ಷ್ಮಿ ಅರ್ಜಿಗೆ ಸಹಾಯ ಮಾಡಿದೆ, ದಿನಗಳು ಹೇಗೆ ಕಳೆದವೋ ಗೊತ್ತಾಗಲಿಲ್ಲ ಅಂದಿರಿ. ಬರೆದು ಹಾಗೇ ಮುಂದಕ್ಕೆ ಹೋಗಿಬಿಟ್ಟಿರಿ. ನಾನು ಅಲ್ಲೇ ನಿಂತೆ.

2023ರ ಜುಲೈ, ಆಗಸ್ಟ್‌ನಲ್ಲಿ ಹಳ್ಳಿಗಳು ಹೇಗಿದ್ದವು ಅಂತ ನನಗೂ ನೆನಪಿದೆ, ನನ್ನ ತವರಿನಲ್ಲೂ ಅದೇ ಗಡಿಬಿಡಿ. ತಿಂಗಳಿಗೆ 2,000 ರೂಪಾಯಿ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಇರಬೇಕು, ಆಧಾರ್ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಗ್ರಾಮ ಒನ್ ಮುಂದೆ ಸೆರಗಿನಲ್ಲಿ ಕಾರ್ಡು ಸುತ್ತಿಕೊಂಡು ನಿಂತ ಹೆಂಗಸರು. ಒಬ್ಬ ಅಜ್ಜಿಗೆ ರೇಷನ್ ಕಾರ್ಡಿನಲ್ಲಿ ಗಂಗಮ್ಮ ಅಂತ ಇರುತ್ತೆ, ಆಧಾರ್‌ನಲ್ಲಿ ಗಂಗಕ್ಕ ಅಂತ ಇರುತ್ತೆ. ಕಂಪ್ಯೂಟರಿಗೆ ಅವರು ಇಬ್ಬರು. ಊರಿಗೆಲ್ಲ ಗೊತ್ತು ಅವರು ಒಬ್ಬರೇ ಅಂತ. ನೀವು ಅಂಥವರ ಕಾಗದ ಜೋಡಿಸಿದ್ದೀರಿ, ಯಾವುದನ್ನು ಎಲ್ಲಿ ತಿದ್ದಿಸಬೇಕು ಅಂತ ಹೇಳಿದ್ದೀರಿ, ಮತ್ತೆ ಸರದಿಯಲ್ಲಿ ನಿಲ್ಲಿಸಿದ್ದೀರಿ. ಗಂಗಮ್ಮನೂ ಗಂಗಕ್ಕನೂ ಒಬ್ಬರೇ ಅಂತ ಗೊತ್ತಿದ್ದ ನೀವು, ನಿಮ್ಮ ವಿಷಯ ಬಂದಾಗ ಊರಿನವಳೂ ಹಾಸ್ಟೆಲ್‌ನವಳೂ ಬೇರೆ ಬೇರೆ ಅಂತ ಹೆದರುತ್ತಿದ್ದೀರಿ.

ಆ ದಿನಗಳಲ್ಲಿ ನಿಮಗೆ ಹಿಡಿಸಿದ್ದು ಯಾವುದು? ಇದನ್ನು ನೀವೇ ಬಿಡಿಸಿ ನೋಡಬೇಕು. ಹಿರಿಯರ ಜೊತೆ ಕೂತು ಮಾತಾಡಿದ್ದಾ? ಕಲಿಸಿದ್ದಾ? ಗೋಜಲಾದದ್ದನ್ನು ಬಿಡಿಸಿದ್ದಾ? ನ್ಯಾಯವಾಗಿ ಬರಬೇಕಾದ ದುಡ್ಡು ಬಂತಲ್ಲ ಅನ್ನುವ ಸಮಾಧಾನವಾ? ಊರಿನವರು ನಿಮ್ಮನ್ನು ಹೆಸರು ಹಿಡಿದು ಕರೆದು ಕೇಳಿದ್ದಾ? ಒಂದೊಂದೂ ಒಂದೊಂದು ಕಡೆಗೆ ಕೈ ತೋರಿಸುತ್ತದೆ. ಕಲಿಸಿದ್ದೇ ಹಿಡಿಸಿದ್ದರೆ ಮೇಷ್ಟ್ರ ಕೆಲಸ ಇದೆ. ಗೋಜಲು ಬಿಡಿಸಿದ್ದು ಹಿಡಿಸಿದ್ದರೆ, ಜನ ಬಳಸುವ ಸಾಫ್ಟ್‌ವೇರ್ ಎಲ್ಲಿ ಕೈಕೊಡುತ್ತೆ ಅಂತ ಹುಡುಕಿ ಸರಿಮಾಡುವ ಕೆಲಸಗಳು ನಿಮ್ಮ ಬ್ರಾಂಚಿನ ಒಳಗೇ ಇವೆ. ಟೆಸ್ಟಿಂಗ್ ಇದೆ, ವಿನ್ಯಾಸ ಇದೆ, ಸರ್ಕಾರಿ ಸೇವೆಗಳ ಆ್ಯಪ್ ಮಾಡುವವರಿದ್ದಾರೆ. ನ್ಯಾಯದ ವಿಷಯ ಹಿಡಿಸಿದ್ದರೆ ಕಾನೂನು, ಸಮಾಜಕಾರ್ಯ, ಆಡಳಿತ. ನೀವು ಅಂದುಕೊಂಡಿರುವ ಹಾಗೆ ಬಿ.ಇ. ಎಲ್ಲ ಬಾಗಿಲನ್ನೂ ಮುಚ್ಚಿಲ್ಲ. ಮೂರು ವರ್ಷದ ಎಲ್‌ಎಲ್‌ಬಿಗೆ ಯಾವ ಪದವಿ ಆದರೂ ನಡೆಯುತ್ತದೆ. ಕೆಎಎಸ್‌ಗೂ ಅಷ್ಟೇ. ಸಮಾಜಕಾರ್ಯ, ಪತ್ರಿಕೋದ್ಯಮದ ಸ್ನಾತಕೋತ್ತರ ಕೋರ್ಸ್‌ಗಳಿಗೆ ಎಷ್ಟೋ ಕಡೆ ಯಾವುದೇ ಪದವೀಧರರನ್ನು ತೆಗೆದುಕೊಳ್ಳುತ್ತಾರೆ. ಶೇಕಡ 55 ಅಂಕ ಇರುವ ಬಿ.ಇ. ಪದವೀಧರರಿಗೆ ಬಿ.ಇಡಿ.ಗೂ ಅವಕಾಶ ಇದೆ. 16ರಲ್ಲಿ ಕೈತಪ್ಪಿತು ಅಂದುಕೊಂಡ ಆರ್ಟ್ಸ್ 22ರಲ್ಲಿ ಮತ್ತೆ ಸಿಗಬಹುದು.

ಹಾಗಂತ ಈಗಲೇ ಓದು ಬಿಡುವುದಾ? ನಿಮ್ಮ ಪರಿಸ್ಥಿತಿಯಲ್ಲಿ ಬೇಡ ಅನ್ನುತ್ತೇನೆ, ಕಾರಣ ಹೇಳುತ್ತೇನೆ. ಈ ಸೆಮಿಸ್ಟರ್ ಮುಗಿದರೆ ಉಳಿಯುವುದು ಮೂರು. ಬಿಟ್ಟರೆ ಸಾಲ ಉಳಿಯುತ್ತದೆ, ಪದವಿ ಇರುವುದಿಲ್ಲ. ಮೇಲೆ ಹೇಳಿದ ಬಾಗಿಲುಗಳೆಲ್ಲ ಪದವಿ ಕೇಳುತ್ತವೆ. ಮನೆಯಲ್ಲಿ ಕೂತ ಮರುದಿನದಿಂದ ಗಂಡು ನೋಡುವ ಮಾತು ಜೋರಾಗುತ್ತದೆ. ಗುರುತು ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ. ಒಬ್ಬ ಹುಡುಗ ಮೂರನೇ ವರ್ಷದಲ್ಲಿ ಇಂಜಿನಿಯರಿಂಗ್ ಬಿಟ್ಟು ಫೋಟೊಗ್ರಫಿಗೆ ಹೊರಟ. ಅದಕ್ಕೂ ಮುಂಚೆ ಅವನು ಒಂದೇ ಒಂದು ಮದುವೆಯನ್ನೂ ಇಡೀ ದಿನ ನಿಂತು ತೆಗೆದಿರಲಿಲ್ಲ. ಅವನಿಗೆ ಇಷ್ಟ ಇದ್ದದ್ದು ಬೆಟ್ಟದ ಮೇಲೆ ಒಬ್ಬನೇ ಕ್ಯಾಮೆರಾ ಹಿಡಿದು ತಿರುಗುವುದು. ಹೊಟ್ಟೆಪಾಡು ಇದ್ದದ್ದು ಮದುವೆ ಮನೆಯಲ್ಲಿ. ಆರು ತಿಂಗಳಿಗೆ ಕ್ಯಾಮೆರಾ ಕಂಡರೆ ಆಗದಂತಾಯಿತು. ಮುಂಚೆಯೇ ನಾಲ್ಕು ಭಾನುವಾರ ಯಾರಾದರೂ ಫೋಟೊಗ್ರಾಫರ್ ಜೊತೆ ಲೈಟ್ ಹಿಡಿದು ನಿಂತಿದ್ದರೆ ಅವನಿಗೆ ಗೊತ್ತಾಗಿರುತ್ತಿತ್ತು. ಬಿಟ್ಟು ಒಳ್ಳೆಯದಾದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅವರಲ್ಲಿ ನಾನು ಕಂಡವರೆಲ್ಲ ಬಿಡುವ ಮುಂಚೆಯೇ ಇನ್ನೊಂದನ್ನು ಕೈಯಾರೆ ಮಾಡಿ ನೋಡಿದ್ದರು. ಪಾಠವೇ ತಲೆಗೆ ಹತ್ತದೆ ಹತ್ತಾರು ವಿಷಯ ಬಾಕಿ ಉಳಿದು, ಮೈ ಮನಸ್ಸು ಹಾಳಾಗುತ್ತಿದ್ದರೆ ನಾನೂ ಬೇರೆ ಮಾತು ಹೇಳುತ್ತಿದ್ದೆ. ನಿಮ್ಮ ಪತ್ರದಲ್ಲಿ ಅಂಥ ದೂರು ಇಲ್ಲ.

ಇನ್ನೊಂದು ದಾರಿ, ಓದು ಮುಗಿಸಿ ನೇರ ಕೆಎಎಸ್ ಕೋಚಿಂಗ್. ಆಸಕ್ತಿ ಇದ್ದವರಿಗೆ ಒಳ್ಳೆಯದೇ. ಆದರೆ ಗುರಿ ಇಲ್ಲ ಎಂಬ ನಾಚಿಕೆ ಮುಚ್ಚಲು ಅದನ್ನು ಹಿಡಿಯಬೇಡಿ. ಅಧಿಸೂಚನೆ ವರ್ಷ ವರ್ಷ ಬರುವುದಿಲ್ಲ. 2020ರದ್ದಾದ ಮೇಲೆ ಮುಂದಿನದು ಬಂದದ್ದು 2024ರಲ್ಲಿ. ಆ ನಡುವೆ ಬೆಂಗಳೂರಿನ ವಿಜಯನಗರ, ಚಂದ್ರಾ ಲೇಔಟ್ ಕಡೆಯ ರೂಮುಗಳಲ್ಲಿ ಕಾದ ಹುಡುಗರ ನಾಲ್ಕು ವರ್ಷ ಹೇಗೆ ಹೋಯಿತು ಅಂತ ಕೇಳಿ ತಿಳಿದುಕೊಳ್ಳಿ. ‘ಓದ್ತಾ ಇದ್ದೀನಿ’ ಎಂಬ ಹೆಸರಿನಲ್ಲಿ ಉಳಿದೆಲ್ಲ ಹುಡುಕಾಟ ನಿಂತುಹೋಗುವುದೇ ಅದರ ಅಪಾಯ.

ನಾನು ಹೇಳುವ ದಾರಿ ಅಷ್ಟೇನೂ ಚಂದ ಕಾಣುವುದಿಲ್ಲ. ಓದು ಮುಗಿಸಿ, ಸಿಕ್ಕ ಒಂದು ಕೆಲಸ ಹಿಡಿದು ಸಾಲ ಇಳಿಸಿ. ಅದರ ಜೊತೆಗೆ ಇವತ್ತಿನಿಂದಲೇ ಸಣ್ಣ ಸಣ್ಣ ಪ್ರಯೋಗ ಮಾಡಿ. ಒಂದು ಸಲಕ್ಕೆ ಒಂದೇ, ಆರೆಂಟು ವಾರ, ನಿಜವಾದ ಜನರ ನಡುವೆ. ಶನಿವಾರ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಎರಡು ಗಂಟೆ ಗಣಿತ ಹೇಳಿಕೊಡಲು ಬಿಡುತ್ತಾರಾ ಕೇಳಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಗಂಗಮ್ಮ–ಗಂಗಕ್ಕನ ಸಮಸ್ಯೆಯನ್ನೇ ಎತ್ತಿಕೊಳ್ಳಿ. ಕನ್ನಡದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಹತ್ತು ಬಗೆ ಬರೆಯುತ್ತಾರೆ, ಅವನ್ನು ಹೊಂದಿಸುವುದು ನಿಮ್ಮ ಶಾಸ್ತ್ರದಲ್ಲಿ ಸಣ್ಣ ಕೆಲಸವೇನಲ್ಲ. ನಿಮಗೆ ಆಸೆ ಇರುವ ಕೆಲಸದಲ್ಲಿ ಈಗಾಗಲೇ ಇರುವ ಒಬ್ಬರನ್ನು ಭೇಟಿ ಮಾಡಿ, ‘ಮಂಗಳವಾರ ಬೆಳಗ್ಗೆ ಹತ್ತರಿಂದ ಸಂಜೆವರೆಗೆ ಏನು ಮಾಡಿದಿರಿ’ ಅಂತ ಕೇಳಿ. ಕನಸಿನ ಬಗ್ಗೆ ಕೇಳಬೇಡಿ, ಮಂಗಳವಾರದ ಬಗ್ಗೆ ಕೇಳಿ. ಒಂದು ನೋಟ್‌ಬುಕ್‌ನಲ್ಲಿ ಪ್ರತಿ ಭಾನುವಾರ ಎರಡೇ ಸಾಲು ಬರೆಯಿರಿ. ಈ ವಾರ ಮಾಡಿದ್ದರಲ್ಲಿ ಮತ್ತೆ ಮಾಡಬೇಕು ಅನ್ನಿಸಿದ್ದು ಯಾವುದು, ದುಡ್ಡು ಕೊಟ್ಟರೂ ಬೇಡ ಅನ್ನಿಸಿದ್ದು ಯಾವುದು. ಇದರಲ್ಲೂ ಅಪಾಯ ಇದೆ. ಸಂಬಳ ಕೈಗೆ ಬಂದ ಮೇಲೆ ಪ್ರಯೋಗಗಳು ನಿಂತುಹೋಗುತ್ತವೆ, 30ಕ್ಕೆ ಮತ್ತೆ ಇದೇ ಪ್ರಶ್ನೆ ಹೊತ್ತು ಬರುವವರಿದ್ದಾರೆ. ಅದಕ್ಕೇ ನೋಟ್‌ಬುಕ್.

ಹತ್ತು ವರ್ಷದ ಯೋಜನೆ ಬೇಕಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 18ರಿಂದ 68 ವರ್ಷದವರೆಗಿನ 19,000ಕ್ಕೂ ಹೆಚ್ಚು ಜನರನ್ನು ಕೇಳಿದರು. ಎಲ್ಲ ವಯಸ್ಸಿನವರೂ ‘ಹಿಂದಿನ ಹತ್ತು ವರ್ಷದಲ್ಲಿ ತುಂಬಾ ಬದಲಾದೆ’ ಅಂದರು. ‘ಮುಂದಿನ ಹತ್ತು ವರ್ಷದಲ್ಲಿ ಅಷ್ಟೇನೂ ಬದಲಾಗಲ್ಲ’ ಅಂತಲೂ ಅಂದರು. 20ರ ನೀವು 30ರ ನಿಮಗೆ ಬಟ್ಟೆ ಹೊಲಿಸಲು ಹೋದರೆ ಅಳತೆ ತಪ್ಪುತ್ತದೆ. ಒಂದೂವರೆ ವರ್ಷ ಮುಂದಕ್ಕೆ ನೋಡಿದರೆ ಸಾಕು.

ಇನ್ನು ಮನೆಯ ಮಾತು. ‘ಗಂಡು ನೋಡೋಣ’ ಅನ್ನುವುದು ಅಪ್ಪ ಅಮ್ಮನಿಗೆ ನಿಮ್ಮ ಭವಿಷ್ಯದ ಬಗ್ಗೆ ಇರುವ ಒಂದೇ ಒಂದು ಚಿತ್ರ. ಬೇರೆ ಚಿತ್ರವನ್ನು ನೀವು ಕೊಟ್ಟಿಲ್ಲ, ಹಾಗಾಗಿ ಅದೇ ಉಳಿದಿದೆ. ‘ನನಗೆ ಮದುವೆ ಬೇಡ’ ಅಂತ ಶುರು ಮಾಡಿದರೆ ಜಗಳ ಆಗುತ್ತದೆ. ‘ನನಗೆ ಇನ್ನೂ ಗೊತ್ತಿಲ್ಲ’ ಅಂದರೆ ಅವರಿಗೆ ಹೆದರಿಕೆ ಆಗುತ್ತದೆ. ಲೆಕ್ಕದ ಮಾತು ಆಡಿ. ‘ಅಪ್ಪಾಜಿ, ಕೋರ್ಸ್ ಮುಗಿದ ಮೇಲೆ ಎರಡು ವರ್ಷ ಕೊಡಿ. ಮೊದಲನೇ ವರ್ಷ ಕೆಲಸಕ್ಕೆ ಸೇರಿ ಸಾಲದಲ್ಲಿ ಇಷ್ಟು ತೀರಿಸ್ತೀನಿ. ಎರಡನೇ ವರ್ಷ ಮುಂದೆ ಓದೋದಾ, ಕೆಲಸ ಬದಲಿಸೋದಾ ಅಂತ ನಿಮ್ಮ ಎದುರೇ ಕೂತು ಹೇಳ್ತೀನಿ. ಅಲ್ಲಿವರೆಗೆ ಯಾರಿಗೂ ಮಾತು ಕೊಡಬೇಡಿ.’ ಗಿರಣಿ ನಡೆಸುವವರಿಗೆ ಗಡುವು ಅರ್ಥವಾಗುತ್ತದೆ. ಮೊದಲು ಅಮ್ಮನ ಹತ್ತಿರ ಹೇಳುವುದಾ, ಅಪ್ಪಾಜಿ ಹತ್ತಿರ ಹೇಳುವುದಾ ಅನ್ನುವುದು ನಿಮಗೇ ಚೆನ್ನಾಗಿ ಗೊತ್ತು. ಒಪ್ಪದೇ ಇರಬಹುದು, ಎರಡರ ಬದಲು ಒಂದು ವರ್ಷ ಅನ್ನಬಹುದು. ಆ ಒಂದು ವರ್ಷವನ್ನೂ ಬಿಡಬೇಡಿ. ಒತ್ತಾಯ ಮಿತಿಮೀರಿದರೆ ಸೋದರಮಾವನೋ, ಹೈಸ್ಕೂಲಿನ ಮೇಷ್ಟ್ರೋ, ಅಪ್ಪಾಜಿ ಮಾತು ಕೇಳುವ ಯಾರಾದರೂ ಒಬ್ಬರನ್ನು ಮುಂಚೆಯೇ ನಿಮ್ಮ ಕಡೆ ಇಟ್ಟುಕೊಳ್ಳಿ.

ಕೊನೆಗೆ ಆ ಇಂಟರ್‌ವ್ಯೂ ಪ್ರಶ್ನೆ. ಅದನ್ನು ಕೇಳುವವರಿಗೆ ನಿಮ್ಮ ಐದು ವರ್ಷದ ಜಾತಕ ಬೇಕಿಲ್ಲ. ಈ ಹುಡುಗಿ ಯೋಚನೆ ಮಾಡಿದ್ದಾಳಾ, ಕಲಿಯುತ್ತಾಳಾ ಅಂತ ನೋಡುತ್ತಾರೆ. ನೀವು ಹೇಳಬಹುದಾದದ್ದು ಸುಮಾರು ಹೀಗಿರುತ್ತದೆ. ‘ಐದು ವರ್ಷದ ಹುದ್ದೆ ಹೇಳಲಾರೆ. ಆದರೆ ನನಗೆ ಇಷ್ಟ ಆಗುವ ಕೆಲಸ ಯಾವುದು ಅಂತ ಸ್ವಲ್ಪ ಗೊತ್ತಾಗಿದೆ. ನಮ್ಮೂರಿನಲ್ಲಿ ಹೆಸರು ಹೊಂದದೆ ಅರ್ಜಿ ನಿಂತುಹೋದ ಹೆಂಗಸರಿಗೆ ಸಹಾಯ ಮಾಡಿದ್ದೆ. ಸಾಫ್ಟ್‌ವೇರ್ ಎಲ್ಲಿ ಜನರಿಗೆ ಕೈಕೊಡುತ್ತೆ ಅಂತ ಅಲ್ಲಿ ನೋಡಿದೆ. ಮುಂದಿನ ಎರಡು ವರ್ಷ ಅಂಥದ್ದನ್ನು ಸರಿಮಾಡುವುದು ಕಲಿಯಬೇಕು ಅಂತಿದ್ದೇನೆ.’ ನಿಮಗೆ ಹಿಡಿಸಿದ್ದು ಬೇರೆ ಅಂತ ನೋಟ್‌ಬುಕ್ ಹೇಳಿದರೆ ಕೊನೆಯ ವಾಕ್ಯ ಬದಲಿಸಿಕೊಳ್ಳಿ. ಇದನ್ನು ಮೊದಲು ಕನ್ನಡದಲ್ಲಿ, ನಿಮ್ಮೂರಿನ ಕನ್ನಡದಲ್ಲೇ, ಅಮ್ಮನಿಗೆ ಫೋನಿನಲ್ಲಿ ಹೇಳಿ ನೋಡಿ. ಅವರಿಗೆ ಅರ್ಥವಾದ ಮೇಲೆ ಇಂಗ್ಲಿಷಿಗೆ ತನ್ನಿ.